ಆಂಟಿ-ಲ್ಯಾಗ್: ಕಾಲು ತೆಗೆದ ಮೇಲೆ ಗಾಳಿ ಎಲ್ಲಿಂದ ಬರುತ್ತದೆ?

ಐಸಿ ಎಂಜಿನ್ (ಒಳಗೇ ಇಂಧನ ಉರಿಸುವ ಎಂಜಿನ್) ಪೇಪರಿಗೆ ಓದುತ್ತಿರುವ ಗೆಳೆಯರಿಗೆ, ಟರ್ಬೊ ಕಾರುಗಳ ಲಾಂಚ್ ಕಂಟ್ರೋಲ್ ಮತ್ತು ಆಂಟಿ-ಲ್ಯಾಗ್ ಬಗ್ಗೆ ಈ ಟಿಪ್ಪಣಿ. ಟರ್ಬೊ ನಿಮಗೆ ಗೊತ್ತೇ ಇದೆ. ಎಕ್ಸಾಸ್ಟ್ ಗ್ಯಾಸ್ ಟರ್ಬೈನ್ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ. ಆಕ್ಸಿಲರೇಟರ್ ಬಿಟ್ಟರೆ ವೇಗ ಬೀಳುತ್ತದೆ. ಮತ್ತೆ ವೇಗ ಹಿಡಿಯಲು ಬೇಕಾದ ಹೊತ್ತೇ ಲ್ಯಾಗ್. ಕಾಲು ತೆಗೆದಾಗಲೂ ಟರ್ಬೈನ್ ತಿರುಗುತ್ತಲೇ ಇರುವಂತೆ ಮಾಡಿ ಇದನ್ನು ತಪ್ಪಿಸುವ ಉಪಾಯವೇ ಆಂಟಿ-ಲ್ಯಾಗ್.

ಮೊದಲು ಲಾಂಚ್ ಕಂಟ್ರೋಲ್, ಅಂದರೆ ನಿಂತ ಕಾರು ಜೋರಾಗಿ ಹೊರಡಲು ಮಾಡುವ ವ್ಯವಸ್ಥೆ. ಇದು ಸುಲಭ. ಕಾರು ನಿಂತಿದೆ, ಕ್ಲಚ್ ಒತ್ತಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ನನ್ನು 4000 ಆರ್‌ಪಿಎಂ ಅಂತಿಟ್ಟುಕೊಳ್ಳಿ, ಅಲ್ಲೇ ಹಿಡಿದಿಡುತ್ತದೆ. ಕೆಲವು ಸ್ಪಾರ್ಕ್ ತಪ್ಪಿಸುತ್ತದೆ, ಇಲ್ಲವೇ ತಡ ಮಾಡುತ್ತದೆ. ಇದಕ್ಕೆ ಟರ್ಬೊ ಇರಲೇಬೇಕು ಅಂತಿಲ್ಲ. ಫಾರ್ಮುಲಾ ಒನ್‌ನಲ್ಲಿ 2004ರಲ್ಲಿ ಇದನ್ನು ನಿಷೇಧಿಸಿದಾಗ ಅಲ್ಲಿನ ಎಂಜಿನ್‌ಗಳಿಗೆ ಟರ್ಬೊ ಇರಲಿಲ್ಲ. ಟರ್ಬೊ ಕಾರಿನಲ್ಲಿ ಮಾತ್ರ, ನಿಂತಲ್ಲೇ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿಕೊಳ್ಳುವ ಲಾಭವೂ ಸಿಗುತ್ತದೆ.

ಆ ಬೂಸ್ಟ್ ಹೇಗೆ ಏರುತ್ತದೆ? ಹುಬ್ಬಳ್ಳಿಯ ಉಣಕಲ್ ಕೆರೆ ರಸ್ತೆಯಲ್ಲಿ ಹುಡುಗರು ಓಡುವ ಬೈಕಿನ ಕೀ ಆಫ್ ಮಾಡಿ ಆನ್ ಮಾಡಿ ಸೈಲೆನ್ಸರಿನಿಂದ 'ಢಂ' ಅನ್ನಿಸುತ್ತಾರಲ್ವಾ? ಹಳೇ ಕಾರ್ಬುರೇಟರ್ ಬೈಕಿನಲ್ಲಿ ಸ್ಪಾರ್ಕ್ ನಿಂತರೂ ಪೆಟ್ರೋಲ್ ಬರುತ್ತಲೇ ಇರುತ್ತದೆ. ಉರಿಯದ ಮಿಶ್ರಣ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಸ್ಪಾರ್ಕ್ ಕಟ್ ಅಂದರೆ ಇದೇ. ಟರ್ಬೊ ಕಾರಿನಲ್ಲಿ ಆ ದಾರಿಯಲ್ಲೇ ಟರ್ಬೈನ್ ಕೂತಿರುತ್ತದೆ.

ಈಗ ಆಂಟಿ-ಲ್ಯಾಗ್. ನನಗೆ ಹೊತ್ತು ಹಿಡಿದದ್ದು ಇದೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ. ರ್‍ಯಾಲಿ ಚಾಲಕ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಾನೆ. ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿದರೆ ಗಾಳಿ ಬಹುತೇಕ ಇಲ್ಲ. ಬರೀ ಪೆಟ್ರೋಲ್ ಸುರಿದರೆ ಯಾವುದರ ಜೊತೆ ಉರಿಯಬೇಕು? "ಎಕ್ಸಾಸ್ಟಿಗೆ ಪೆಟ್ರೋಲ್ ಬಿಡುತ್ತಾರೆ, ಅದು ಸ್ಫೋಟಿಸುತ್ತದೆ" ಅನ್ನುವ ವಿವರಣೆ ಇಲ್ಲಿ ನಿಂತುಹೋಗುತ್ತದೆ. ಅದಕ್ಕೇ ಕಾಲು ತೆಗೆದರೂ ಇಸಿಯು ಥ್ರಾಟಲನ್ನು ಸ್ವಲ್ಪ ತೆರೆದೇ ಇಡುತ್ತದೆ. ಕೆಲವು ಕಾರುಗಳಲ್ಲಿ ಬೈಪಾಸ್ ವಾಲ್ವ್ ಮೂಲಕ ಗಾಳಿಯನ್ನು ನೇರ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೇ (ಸಿಲಿಂಡರುಗಳ ಎಕ್ಸಾಸ್ಟ್ ಒಟ್ಟುಗೂಡುವ ಪೈಪು) ಕೊಡುತ್ತಾರೆ.

ಆದರೆ ಥ್ರಾಟಲ್ ತೆರೆದಿದ್ದರೆ ಕಾರು ಮುಂದೆ ನುಗ್ಗಬೇಕಲ್ವಾ? ನುಗ್ಗುವುದಿಲ್ಲ, ಯಾಕೆಂದರೆ ಸ್ಪಾರ್ಕ್ ತಡವಾಗಿದೆ. ಡಿಗ್ರಿ ಲೆಕ್ಕ ಕ್ರ್ಯಾಂಕಿನದು, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟಿನದು. ಸಾಮಾನ್ಯವಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ 20-30 ಡಿಗ್ರಿ ಮೊದಲೇ ಸ್ಪಾರ್ಕ್ ಬರುತ್ತದೆ. ಇಲ್ಲಿ ತುದಿ ದಾಟಿ ಸುಮಾರು ಅಷ್ಟೇ ಡಿಗ್ರಿ ಕೆಳಗಿಳಿದ ಮೇಲೆ. ಆಗ ಪಿಸ್ಟನ್ ಮೇಲಿನ ಜಾಗ ದೊಡ್ಡದಾಗಿ ಒತ್ತಡ ಏರುವುದಿಲ್ಲ, ಟಾರ್ಕ್ (ತಿರುಗಿಸುವ ಬಲ) ಬಹಳ ಕಡಿಮೆ. ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಬೆಂಕಿ ಇನ್ನೂ ಉರಿಯುತ್ತಿರುತ್ತದೆ. ಟರ್ಬೈನಿಗೆ ಬೇಕಾದದ್ದೇ ಅದು.

ನಾನು ನೆನಪಿಟ್ಟುಕೊಳ್ಳುವ ಸುಲಭ ದಾರಿ ಶಕ್ತಿಯ ಲೆಕ್ಕ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಭಾಗ ಕ್ರ್ಯಾಂಕಿಗೆ, ಒಂದು ಭಾಗ ಎಕ್ಸಾಸ್ಟಿಗೆ, ಉಳಿದದ್ದು ಕೂಲಿಂಗಿಗೆ. ಮೊದಲ ಭಾಗವನ್ನು ಬೇಕಂತಲೇ ಹಾಳು ಮಾಡಿ. ಅದು ಮಾಯವಾಗುವುದಿಲ್ಲ, ಹೆಚ್ಚಾಗಿ ಎರಡನೆಯದಕ್ಕೆ ಸೇರುತ್ತದೆ. ಹಾಗಾಗಿ ಗಾಳಿ ಮತ್ತು ತಡವಾದ ಸ್ಪಾರ್ಕ್ ಜೋಡಿ. ಗಾಳಿ ಮಾತ್ರ ಕೊಟ್ಟರೆ ಕಾರು ನುಗ್ಗುತ್ತದೆ, ಸ್ಪಾರ್ಕ್ ಮಾತ್ರ ತಡ ಮಾಡಿದರೆ ಉರಿಯಲು ಏನೂ ಜಾಸ್ತಿ ಇಲ್ಲ. ಪರೀಕ್ಷೆಯಲ್ಲಿ ಒಂದನ್ನೇ ಬರೆದರೆ ಉತ್ತರ ಅರ್ಧ.

ಲಾಂಚ್‌ನಲ್ಲಿ ಗಾಳಿಯ ಪ್ರಶ್ನೆಯೇ ಏಳುವುದಿಲ್ಲ, ಕಾಲು ಪೂರ್ತಿ ಒತ್ತಿರುತ್ತದೆ. ಎರಡರ ನಡುವಿನ ವ್ಯತ್ಯಾಸ ಕೇಳಿದರೆ ಇದನ್ನೇ ಮೊದಲು ಬರೆಯಿರಿ.

ಬೆಲೆಯೂ ಇದೆ. ಎಕ್ಸಾಸ್ಟ್ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಟರ್ಬೈನ್, ಮ್ಯಾನಿಫೋಲ್ಡ್ ಬೇಗ ಸವೆಯುತ್ತವೆ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಕರಗಬಹುದು. ರ್‍ಯಾಲಿಗೆ ಸರಿ, ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವ ಕಾರಿಗೆ ಖಂಡಿತ ಬೇಡ.

ಬೈಪಾಸ್ ರಸ್ತೆಯಲ್ಲಿ ಹೋಗುವ ಲಾರಿಗಳಿಗೂ ಟರ್ಬೊ ಇದೆ, ಅಲ್ಲಿ ಈ ಉಪಾಯ ಯಾಕಿಲ್ಲ? ಡೀಸೆಲ್‌ಗೆ ತಡ ಮಾಡಲು ಸ್ಪಾರ್ಕೇ ಇಲ್ಲ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ವೇರಿಯಬಲ್ ಜಿಯಾಮೆಟ್ರಿ ಟರ್ಬೊ ಇರುತ್ತದೆ. ಆರ್‌ಪಿಎಂ ಕಡಿಮೆ ಇದ್ದಾಗ ಟರ್ಬೈನ್ ಸುತ್ತಲಿನ ವೇನ್‌ಗಳು ದಾರಿ ಕಿರಿದು ಮಾಡುತ್ತವೆ. ಇದ್ದಷ್ಟೇ ಗ್ಯಾಸ್ ಜೋರಾಗಿ ಟರ್ಬೈನಿಗೆ ಬಡಿಯುತ್ತದೆ.