ಹೊಸದಾಗಿ ಕಟ್ಟಿದ ಟ್ರಾನ್ಸಮ್‌ನಲ್ಲಿ ಉಳಿದ ದೋಷಗಳು: ಬಿಚ್ಚಿ ಸರಿಪಡಿಸುವ ಕ್ರಮ

ದೋಣಿಯ ಹಿಂಬದಿಯ ಗೋಡೆಯನ್ನು, ಅಂದರೆ ಟ್ರಾನ್ಸಮ್ಮನ್ನು, ಪ್ಲೈವುಡ್ ಮತ್ತು ಫೈಬರ್‌ಗ್ಲಾಸಿನಿಂದ ಹೊಸದಾಗಿ ಕಟ್ಟಿದ ಮೇಲೆ ಕೆಲವು ದೋಷಗಳು ತಡವಾಗಿ ಕಾಣಿಸಿಕೊಳ್ಳುತ್ತವೆ. ಗ್ಲಾಸಿನೊಳಗೆ ಬಿಳಿ ಮಚ್ಚೆ, ಒಳಮೂಲೆಯುದ್ದಕ್ಕೂ ಕೂದಲೆಳೆಯ ಬಿರುಕು, ಇಂಜಿನ್ ಬೋಲ್ಟಿನ ಬುಡದಿಂದ ಜಿನುಗುವ ಕಂದು ನೀರು. ಇಂಥದ್ದು ಕಂಡಾಗ ಹೆಚ್ಚಿನವರು ಮೇಲೊಂದು ಪದರ ಗ್ಲಾಸ್ ಎಳೆದುಬಿಡುತ್ತಾರೆ. ನಾನು ಖಡಾಖಂಡಿತವಾಗಿ ಬೇಡವೆನ್ನುವುದು ಇದೊಂದನ್ನೇ. ಅಂಟು ಬಿಟ್ಟ ಪದರದ ಮೇಲೆ ಎಷ್ಟು ಗ್ಲಾಸ್ ಹಾಕಿದರೂ ಅದು ಅಂಟು ಬಿಟ್ಟ ಪದರಕ್ಕೇ ಅಂಟಿರುತ್ತದೆ. ಮೇಲಾಗಿ ದಪ್ಪ ಹೆಚ್ಚಿ, ಇಂಜಿನ್ನಿನ ಕ್ಲಾಂಪ್ ಹಿಡಿಯದಂತಾಗುತ್ತದೆ. ಮೊದಲು ದೋಷ ಎಲ್ಲಿದೆ, ಎಷ್ಟು ಹರಡಿದೆ ಎಂದು ಗುರುತಿಸಬೇಕು.

ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ನಾಣ್ಯದಿಂದಲೋ ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದಲೋ ಎರಡೆರಡು ಇಂಚಿಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಟೊಳ್ಳು ಜಾಗ ಮಂದವಾಗಿ ದಬ್ಬೆನ್ನುತ್ತದೆ. ಸದ್ದು ಬದಲಾದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಒಳಗಿನಿಂದಲೂ ಹೊರಗಿನಿಂದಲೂ ತಟ್ಟಬೇಕು, ಏಕೆಂದರೆ ಎರಡು ಪ್ಲೈ ಹಲಗೆಗಳ ನಡುವಿನ ಟೊಳ್ಳು ಒಂದು ಬದಿಯಿಂದ ಕೇಳಿಸದೇ ಇರಬಹುದು. ಗೆರೆಯೊಳಗೆ 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದು ರಂಧ್ರ ಕೊರೆದು, ಹೊರಬರುವ ಮರದ ಪುಡಿಯನ್ನು ನೋಡಿ. ತಿಳಿ ಬಣ್ಣದ ಒಣ ಪುಡಿಯಾದರೆ ಮರ ಚೆನ್ನಾಗಿದೆ. ಕಪ್ಪಾಗಿ, ಒದ್ದೆಯಾಗಿ ಬಿಟ್ಟಿಗೆ ಮೆತ್ತಿಕೊಂಡರೆ ನೀರು ಹೊಕ್ಕಿದೆ ಎಂದರ್ಥ. ಆಗ ಒಳಗೇನನ್ನೂ ತುಂಬಬಾರದು. ಮರದ ತೇವಾಂಶ ಶೇ. 12ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಮೆತ್ತಗಾದ ಮರವನ್ನು ಕತ್ತರಿಸಿ ತೆಗೆಯಲೇಬೇಕು.

ಮರ ಒಣಗಿಯೇ ಇದ್ದು ನಡುವೆ ಬರೀ ಟೊಳ್ಳಿದ್ದರೆ, ಎಪಾಕ್ಸಿ (ರೆಸಿನ್ ಮತ್ತು ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಅಂಟು) ಇಂಜೆಕ್ಷನ್ನಿನಿಂದ ಸರಿಹೋಗುತ್ತದೆ. ಅಂಗೈಯಗಲದ ಟೊಳ್ಳಿಗೆ ಇದು ಒಳ್ಳೆಯ ಉಪಾಯ. ಟ್ರಾನ್ಸಮ್ಮಿನ ಕಾಲು ಭಾಗಕ್ಕೂ ಮೀರಿ ಹರಡಿದ್ದರೆ ಒಳಪದರ ಬಿಚ್ಚಿ ಮತ್ತೆ ಅಂಟಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಗೆರೆಯೊಳಗೆ ಸುಮಾರು 40 ಮಿ.ಮೀ. ಅಂತರದಲ್ಲಿ 5 ಮಿ.ಮೀ. ರಂಧ್ರಗಳನ್ನು ಕೊರೆಯಿರಿ. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ರಂಧ್ರ ಟೊಳ್ಳಿನವರೆಗೆ ಮಾತ್ರ ಹೋಗಬೇಕು, ಆಚೆ ಬದಿ ತೂತಾಗಬಾರದು. ಒಂದು ರಂಧ್ರಕ್ಕೆ ಗಾಳಿ ಊದಿದರೆ ಪಕ್ಕದ ರಂಧ್ರಗಳಿಂದ ಹೊರಬರಬೇಕು. ಬಾರದಿದ್ದರೆ ನಡುವೆ ಅಂಟು ಹಿಡಿದ ಭಾಗವಿದೆ, ಅದರಾಚೆಗಿನ ಟೊಳ್ಳಿಗೆ ಬೇರೆಯಾಗಿಯೇ ತುಂಬಬೇಕು.

ಮೊದಲು ಏನೂ ಬೆರೆಸದ ತೆಳು ಎಪಾಕ್ಸಿಯನ್ನು ಸಿರಿಂಜಿನಿಂದ ಬಿಟ್ಟು ಒಳಗಿನ ಮರ ಹೀರಿಕೊಳ್ಳಲು ಬಿಡಿ. ಅದು ಗಟ್ಟಿಯಾಗುವ ಮೊದಲೇ, ಸಿಲಿಕಾ ಪುಡಿ ಬೆರೆಸಿ ಮೊಸರಿನ ಹದಕ್ಕೆ ತಂದ ಎಪಾಕ್ಸಿ ತುಂಬಿ. ತೆಳು ಎಪಾಕ್ಸಿ ಹಾಕದೆ ನೇರವಾಗಿ ಗಟ್ಟಿ ಮಿಶ್ರಣ ತುಂಬಿದರೆ, ಒಣ ಮರ ಅದರಲ್ಲಿನ ಎಪಾಕ್ಸಿಯನ್ನು ಹೀರಿ ಅಂಟನ್ನು ಬಡವಾಗಿಸುತ್ತದೆ. ಕೆಳಗಿನ ರಂಧ್ರದಿಂದ ಶುರು ಮಾಡಿ. ಮೇಲಿನದರಿಂದ ಗುಳ್ಳೆಯಿಲ್ಲದೆ ಉಕ್ಕಿದಾಗ ಕೆಳಗಿನದಕ್ಕೆ ಟೇಪ್ ಹಾಕಿ, ಮುಂದಿನದಕ್ಕೆ ಹೋಗಿ. ಮೇಲಿನಿಂದ ತುಂಬಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ಪಾಲಿಥೀನ್ ಹಾಳೆ ಹಾಸಿ, ಎರಡೂ ಬದಿಗೆ ಹಲಗೆ ಇಟ್ಟು ಕ್ಲಾಂಪ್ ಮಾಡಿ. ಅಂಚಿನಲ್ಲಿ ಎಪಾಕ್ಸಿ ಸ್ವಲ್ಪ ಇಣುಕಿದರೆ ಸಾಕು. ಪೂರ್ತಿ ಹಿಂಡಿದರೆ ಅಂಟಿಗೆ ಏನೂ ಉಳಿಯುವುದಿಲ್ಲ. ಮರುದಿನ ಕ್ಲಾಂಪ್ ಬಿಚ್ಚಿ ಮತ್ತೆ ತಟ್ಟಿ ನೋಡಿ. ಎಪಾಕ್ಸಿ ಪೂರ್ಣ ಬಲಕ್ಕೆ ಬರಲು ಇನ್ನೂ ಕೆಲವು ದಿನ ಬೇಕು, ಅಲ್ಲಿಯವರೆಗೆ ಇಂಜಿನ್ ಏರಿಸಬೇಡಿ.

ಅಂಟಂಟು ಮೇಲ್ಮೈ ನೋಡಿ ಗಾಬರಿಯಾಗುವವರಿದ್ದಾರೆ. ಫೈಬರ್‌ಗ್ಲಾಸಿಗೆ ಬಳಸುವ ಇನ್ನೊಂದು ಬಗೆಯ ಅಂಟಾದ ಪಾಲಿಯೆಸ್ಟರ್ ರೆಸಿನ್, ಮೇಣ ಬೆರೆಸದಿದ್ದರೆ, ಗಾಳಿ ತಾಗುವ ಕಡೆ ಅಂಟಾಗಿಯೇ ಉಳಿಯುತ್ತದೆ, ಅದು ದೋಷವಲ್ಲ. ಉಗುರು ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಿದ್ದರೆ ಮಾತ್ರ ಹಾರ್ಡನರ್ ಕಡಿಮೆಯಾಗಿದೆ, ಅಥವಾ ಚಳಿಯಲ್ಲಿ ಕೆಲಸ ನಡೆದಿದೆ. ಎಪಾಕ್ಸಿಯ ಪ್ರಮಾಣ ತಪ್ಪಿದ್ದರೆ ಮೇಲೆ ಹಾರ್ಡನರ್ ಸವರಿ ಪ್ರಯೋಜನವಿಲ್ಲ. ಅದನ್ನು ಕೆರೆದು ತೆಗೆಯುವುದೊಂದೇ ದಾರಿ. ಇನ್ನು, ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂತೆ ಜಾರುವ ಪೊರೆ ಬರುತ್ತದೆ. ಅದು ನೀರಿಗೆ ಕರಗುತ್ತದೆ. ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, 80 ನಂಬರ್ ಸ್ಯಾಂಡ್ ಪೇಪರ್ ಆಡಿಸಿ. ತೊಳೆಯದೆ ಉಜ್ಜಿದರೆ ಪೊರೆ ಗೀರುಗಳೊಳಗೇ ಮೆತ್ತಿಕೊಂಡು ಮುಂದಿನ ಪದರ ಕಿತ್ತುಬರುತ್ತದೆ.

ಎಪಾಕ್ಸಿಯಿಂದ ರಿಪೇರಿ ಮಾಡಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಹಾಕಬೇಡಿ, ಹಿಡಿತ ನೆಚ್ಚುವಂತಿರುವುದಿಲ್ಲ. ಆದರೆ ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ. ಸಾಮಾನ್ಯ ಚಾಪ್ಡ್ ಮ್ಯಾಟನ್ನು (ತುಂಡು ಗ್ಲಾಸ್ ಎಳೆಗಳ ಹಾಸು) ಎಪಾಕ್ಸಿಯೊಂದಿಗೆ ಬಳಸಬಾರದು: ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ. ಎಪಾಕ್ಸಿಗೆ ಹೊಲಿದ ಬೈಯಾಕ್ಸಿಯಲ್ ಬಟ್ಟೆ (ಎರಡು ದಿಕ್ಕಿನ ಗ್ಲಾಸ್ ಎಳೆಗಳನ್ನು ಸೇರಿಸಿ ಹೊಲಿದದ್ದು) ಸರಿ.

ಬಿಳಿ ಮಚ್ಚೆ ಎಂದರೆ ಅಲ್ಲಿ ಗಾಳಿ ಉಳಿದಿದೆ, ಇಲ್ಲವೇ ಗ್ಲಾಸ್ ಬಟ್ಟೆ ರೆಸಿನ್ ಹೀರದೆ ಒಣಗಿಯೇ ಉಳಿದಿದೆ. ಸಾಸಿವೆ ಗಾತ್ರದ ಒಂಟಿ ಗುಳ್ಳೆಯನ್ನು ಕೆರೆದು ತುಂಬಿದರೆ ಸಾಕು. ಮೂಲೆಯುದ್ದಕ್ಕೂ ಸಾಲಾಗಿದ್ದರೆ ಕಾರಣ ಬೇರೆ: ಚೂಪಾದ ಅಂಚಿನ ಮೇಲೆ ಗ್ಲಾಸ್ ಬಾಗದೆ ಮೇಲೆದ್ದಿದೆ. ಹೊರಅಂಚನ್ನು 8-10 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿ. ಟ್ರಾನ್ಸಮ್ ಮತ್ತು ದೋಣಿಯ ತಳ ಸೇರುವ ಒಳಮೂಲೆಗೆ ಸಿಲಿಕಾ ಬೆರೆಸಿದ ಎಪಾಕ್ಸಿಯಿಂದ 15-20 ಮಿ.ಮೀ. ತ್ರಿಜ್ಯದ ಕಮಾನು ತುಂಬಿ. ಅದು ಹಸಿಯಿರುವಾಗಲೇ ಬಟ್ಟೆಯ ಪಟ್ಟಿಗಳನ್ನು ಕೂರಿಸಿ, ಮೊದಲನೆಯದು ತಳದ ಮೇಲೆ 75 ಮಿ.ಮೀ., ಮುಂದಿನವು 125, 175 ಎಂದು ಚಾಚಿಕೊಳ್ಳುವಂತೆ. ಎಲ್ಲ ಪಟ್ಟಿಗಳೂ ಒಂದೇ ಗೆರೆಯಲ್ಲಿ ಮುಗಿದರೆ ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಈ ಮೂಲೆಯನ್ನು ಹಗುರವಾಗಿ ನೋಡುವಂತಿಲ್ಲ. ಪ್ರೊಪೆಲರ್ ಕೆಳಗಿನಿಂದ ಮುಂದಕ್ಕೆ ದೂಡುವಾಗ ಇಂಜಿನ್ ಬ್ರಾಕೆಟ್ಟಿನ ಕೆಳತುದಿ ಟ್ರಾನ್ಸಮ್ಮನ್ನು ಒಳಕ್ಕೆ ಒತ್ತುತ್ತದೆ, ಮೇಲಿನ ಬೋಲ್ಟುಗಳು ಹಿಂದಕ್ಕೆ ಎಳೆಯುತ್ತವೆ. ಆ ತಿರುಚನ್ನೆಲ್ಲ ತಡೆಯುವುದು ಈ ಜೋಡಣೆ ಮತ್ತು ಒಳಗಿನ ಆಧಾರದ ಮೊಣಕಾಲುಗಳು, ಅಂದರೆ ಮೂಲೆಗೆ ಅಡ್ಡ ಕೊಟ್ಟ ತುಂಡುಗಳು.

ಬಿರುಕನ್ನು ಚೂಪಾದ ಉಳಿಯಿಂದ ಸ್ವಲ್ಪ ಕೆತ್ತಿ ನೋಡಿ. ಬಣ್ಣದಲ್ಲೋ ಜೆಲ್‌ಕೋಟಿನಲ್ಲೋ (ಹೊರಮೈಯ ರೆಸಿನ್ ಲೇಪ) ನಿಂತರೆ ಅದು ಮೇಲ್ಮೈಯದು. ಗ್ಲಾಸಿಗೆ ಇಳಿದಿದ್ದರೆ, ಹಾಳಾದ ಗ್ಲಾಸಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ 12 ಮಿ.ಮೀ. ಇಳಿಜಾರು ಕೊಟ್ಟು ಗ್ರೈಂಡ್ ಮಾಡಿ, ಹೊಸ ಪದರಗಳನ್ನು ಆ ಇಳಿಜಾರಿನಲ್ಲಿ ಕೂರಿಸಿ. ಗ್ಲಾಸಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಗ್ರೈಂಡರ್ ಹಿಡಿಯುವಾಗ ಒಳ್ಳೆಯ ಮಾಸ್ಕ್ ಇರಲಿ.

ಮರ ಕೊಳೆಯುವುದು ಮುಖ್ಯವಾಗಿ ರಂಧ್ರಗಳಿಂದಲೇ. 12 ಮಿ.ಮೀ. ಬೋಲ್ಟಿಗೆ 20 ಮಿ.ಮೀ. ರಂಧ್ರ ಕೊರೆಯಿರಿ. ಹಿಂಬದಿಗೆ ಟೇಪ್ ಹಾಕಿ, ಒಳಗೋಡೆಗೆ ತೆಳು ಎಪಾಕ್ಸಿ ಸವರಿ, ಸಿಲಿಕಾ ಮಿಶ್ರಣ ತುಂಬಿ. ಬಿಸಿಯೇರಿ ಹೊಗೆಯಾಡದಂತೆ ಎರಡು ಕಂತಿನಲ್ಲಿ ತುಂಬುವುದು ಕ್ಷೇಮ. ಗಟ್ಟಿಯಾದ ಮೇಲೆ ನಡುವೆ 12 ಮಿ.ಮೀ. ಕೊರೆದರೆ ಬೋಲ್ಟಿನ ಸುತ್ತ 4 ಮಿ.ಮೀ. ಎಪಾಕ್ಸಿ ಉಂಗುರ ಉಳಿಯುತ್ತದೆ, ನೀರು ಬಂದರೂ ಮರ ಮುಟ್ಟದು. ನೀರು ಬಸಿಯುವ ರಂಧ್ರಕ್ಕೂ ಇದೇ ಕ್ರಮ. ಚಿಕ್ಕ ಸೆನ್ಸರ್‌ಗಳ ಸ್ಕ್ರೂಗಳನ್ನು ಟ್ರಾನ್ಸಮ್ಮಿಗೆ ಹಾಕದೆ, ಹೊರಗೆ ಅಂಟಿಸಿದ ಪ್ಲಾಸ್ಟಿಕ್ ತುಂಡಿಗೆ ಹಾಕುವುದು ಒಳ್ಳೆಯದು.

ಕೊನೆಗೆ ಇಂಜಿನ್ ಕೂರುವ ಜಾಗಕ್ಕೆ ನೇರಪಟ್ಟಿ ಹಿಡಿಯಿರಿ. ತಗ್ಗು ಕಂಡರೆ ಸಿಲಿಕಾ ಮಿಶ್ರಣದಿಂದ ಸಮ ಮಾಡಿ. ಸುಲಭವಾಗಿ ಉಜ್ಜಬಹುದೆಂದು ಹಗುರ ಮೈಕ್ರೋಬಲೂನ್ ಪುಡಿ (ಸೂಕ್ಷ್ಮ ಟೊಳ್ಳು ಗೋಲಿಗಳು) ಬೆರೆಸಿದರೆ ಬೋಲ್ಟ್ ಬಿಗಿದಾಗ ಅದು ನಜ್ಜುಗುಜ್ಜಾಗುತ್ತದೆ. ದಪ್ಪ ಇಂಜಿನ್ ಕೈಪಿಡಿ ಹೇಳಿದ ಮಿತಿಯೊಳಗಿದೆಯೇ ಎಂದು ಅಳೆಯಿರಿ. ಒಳಬದಿಗೆ ಅಗಲ ವಾಷರ್ ಇಲ್ಲವೇ ಲೋಹದ ಪಟ್ಟಿ, ಬೋಲ್ಟಿನ ಸುತ್ತ ನೀರಿನ ಕೆಳಗೆ ಬಳಸುವ ಪಾಲಿಯುರೆಥೇನ್ ಸೀಲಂಟ್ ಇರಲಿ. ಮೊದಲ ಕೆಲವು ಓಡಾಟಗಳ ನಂತರ ನಟ್ಟುಗಳ ಬಿಗಿ ನೋಡಿ, ಬೋಲ್ಟಿನ ಸುತ್ತ ಒಳಬದಿಯಲ್ಲಿ ತೇವವಿದೆಯೇ ಪರೀಕ್ಷಿಸಿ, ಇಂಜೆಕ್ಷನ್ ಮಾಡಿದ ಜಾಗಗಳನ್ನು ಮತ್ತೊಮ್ಮೆ ತಟ್ಟಿ ನೋಡಿ.