ಪಬ್ಲಿಕ್ ಡಿಫೆಂಡರ್‌ನ 'ಸರ್ಕಾರಿ ವಕೀಲ' ಅನ್ಬೇಡಿ ಪ್ಲೀಸ್

ನಿನ್ನೆ ಒಂದು ಅನುವಾದ ಓದ್ತಿದ್ದೆ, ಅಮೆರಿಕದ ಒಬ್ಬ ಲಾಯರಮ್ಮನ ಬಗ್ಗೆ. ಅವರು 'ಲಾಭರಹಿತ ಸರ್ಕಾರಿ ವಕೀಲರ ಕಚೇರಿಯ ಮುಖ್ಯಸ್ಥೆ' ಅಂತೆ. ಎರಡು ಪ್ಯಾರಾ ಕೆಳಗೆ ಬಂದ್ರೆ ಅದೇ ಅಮ್ಮ 'ಸಾರ್ವಜನಿಕ ರಕ್ಷಕಿ' ಆಗಿಬಿಟ್ಟಿದ್ರು. ಎರಡೂ ಕಡೆ ಇಂಗ್ಲಿಷಿನ ಪದ ಪಬ್ಲಿಕ್ ಡಿಫೆಂಡರ್, ಅಂದ್ರೆ ವಕೀಲರಿಗೆ ದುಡ್ಡು ಕೊಡೋಕಾಗದ ಆರೋಪಿಗಳ ಪರ ಸರ್ಕಾರದ ಖರ್ಚಲ್ಲಿ ವಾದಿಸೋರು. ಸಬ್‌ಟೈಟಲ್‌ಗಳಲ್ಲಿ ಇದನ್ನ ನೋಡಿ ನೋಡಿ ಸುಮ್ನಿದ್ದೆ, ಈ ಸಲ ತಡ್ಕೊಳ್ಳೋಕಾಗ್ಲಿಲ್ಲ.

ವಕೀಲ ಅನ್ನೋ ಪದದಿಂದಲೇ ಶುರು ಮಾಡೋಣ. ಮೂಲ ಅರಬ್ಬಿ, ಅಲ್ಲಿ ವಕೀಲ್ ಅಂದ್ರೆ ಇನ್ನೊಬ್ಬರ ಕೆಲಸ ವಹಿಸ್ಕೊಂಡು ಅವರ ಪರವಾಗಿ ನಿಲ್ಲೋನು, ಕೋರ್ಟಲ್ಲೇ ನಿಲ್ಬೇಕು ಅಂತೇನಿಲ್ಲ. ವಕಾಲತ್ತು ಕೂಡ ಅದೇ ಮನೆ ಪದ. ಹಾಗಾಗಿ ನಮ್ಮ ಕಿವಿಗೆ ಸರ್ಕಾರಿ ವಕೀಲ ಅಂದ್ರೆ ಸರ್ಕಾರದ ವಕಾಲತ್ತು ಹಿಡಿದೋನು, ಆರೋಪಿಗೆ ಶಿಕ್ಷೆ ಕೊಡಿ ಸ್ವಾಮಿ ಅನ್ನೋನು. ಪಬ್ಲಿಕ್ ಡಿಫೆಂಡರ್ ಕೂರೋದು ಅದರ ಎದುರು ಪಕ್ಷದಲ್ಲಿ, ಆರೋಪಿ ಮಗ್ಗುಲಲ್ಲಿ. ಅನುವಾದಕರು ಇಬ್ಬರನ್ನೂ ಎತ್ತಿ ಒಂದೇ ಮೇಜಿಗೆ ಕೂರಿಸಿದಾರೆ. ಅಂದಹಾಗೆ ಇಂಗ್ಲಿಷಿನ ಡಿಫೆನ್ಸ್ ಪದದ ತಲೆ ಹಾರಿ ಹುಟ್ಟಿದ್ದೇ ಫೆನ್ಸ್, ಅಂದ್ರೆ ಬೇಲಿ. ಈ ಅನುವಾದದಲ್ಲಿ ಬೇಲಿನೇ ಎದ್ದು ಹೊಲ ಮೇಯ್ದಿದೆ.

ಎಡವಟ್ಟು ಶುರುವಾಗೋದು 'ಪಬ್ಲಿಕ್' ಅನ್ನೋ ಪದದಿಂದ. ಪಬ್ಲಿಕ್ ಪ್ರಾಸಿಕ್ಯೂಟರ್ (ಅದೇ ನಮ್ಮ ಸರ್ಕಾರಿ ವಕೀಲ) ಅಂದಾಗ ಅದು ಯಾರ ಪರ ಅಂತ ಹೇಳುತ್ತೆ, ಪಬ್ಲಿಕ್ ಡಿಫೆಂಡರ್ ಅಂದಾಗ ದುಡ್ಡು ಯಾರದ್ದು ಅಂತ ಹೇಳುತ್ತೆ, ಅಷ್ಟೇ ವ್ಯತ್ಯಾಸ. ಸ್ಕೂಲಲ್ಲಿ ಸಮಾಸ ಬಿಡಿಸಿದ್ವಲ್ಲ, ಹಾಗೆ ಬಿಡಿಸಿ ನೋಡಿ: ಸಾರ್ವಜನಿಕರ ರಕ್ಷಕ ಅಲ್ಲ, ಸಾರ್ವಜನಿಕರ ದುಡ್ಡಲ್ಲಿ ಒಬ್ಬ ಆರೋಪಿನ ಡಿಫೆಂಡ್ ಮಾಡೋನು. 'ಸಾರ್ವಜನಿಕ ರಕ್ಷಕ' ಅಂದ್ರೆ ನನಗಂತೂ ಲಾಠಿ ಹಿಡಿದ ಹೋಮ್‌ಗಾರ್ಡೇ ಕಣ್ಮುಂದೆ ಬರ್ತಾನೆ.

ಸರ್ಕಾರದ ಸಂಬಳ ತಗೊಂಡ್ಮೇಲೆ ಸರ್ಕಾರದ ಮನುಷ್ಯನೇ ತಾನೆ ಅನ್ನೋರಿಗೆ ಅಮೆರಿಕದ ಸುಪ್ರೀಂ ಕೋರ್ಟೇ 1981ರಲ್ಲಿ ಉತ್ತರ ಕೊಟ್ಟಿದೆ, ಪೋಕ್ ಕೌಂಟಿ ವರ್ಸಸ್ ಡಾಡ್‌ಸನ್ ಕೇಸಲ್ಲಿ. ಅಯೋವಾ ರಾಜ್ಯದ ಒಬ್ಬ ಕೈದಿ ತನ್ನ ಪಬ್ಲಿಕ್ ಡಿಫೆಂಡರ್ ಮೇಲೇ ದಾವೆ ಹಾಕಿದ್ದ, ಆಕೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ) ನೌಕರಳು, ಹಾಗಾಗಿ ಆಕೆ ಮಾಡಿದ್ದು ಸರ್ಕಾರ ಮಾಡಿದ ಹಾಗೆ ಅಂತ. ಕೋರ್ಟ್ ಒಪ್ಪಲಿಲ್ಲ, ಕಕ್ಷಿದಾರನ ವಕೀಲಳಾಗಿ ಕೆಲಸ ಮಾಡುವಾಗ ಆಕೆ ಸರ್ಕಾರದ ಪರವಾಗಿ ನಡ್ಕೊಳ್ತಿಲ್ಲ ಅಂತು. ಉಂಡ ಮನೆಗೆ ಎರಡು ಬಗೆಯೋದೇ ಇಲ್ಲಿ ಡ್ಯೂಟಿ.

ಇನ್ನು 'ಲಾಭರಹಿತ'. ಅದೇ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು ಗಂಭೀರ ಕೇಸಲ್ಲಿ ಸಿಕ್ಕಿಬಿದ್ದ ಬಡವರಿಗೆ ರಾಜ್ಯಗಳು ವಕೀಲರನ್ನ ಕೊಡಲೇಬೇಕು ಅಂತು, ಹೇಗೆ ಕೊಡ್ಬೇಕು ಅನ್ನೋದನ್ನ ಅವರವರಿಗೇ ಬಿಡ್ತು. ಹಾಗಾಗಿ ಕೆಲವು ಕಡೆ ಅದು ಸರ್ಕಾರದ್ದೇ ಇಲಾಖೆ, ಫ್ಲೋರಿಡಾದಲ್ಲಂತೂ ಎಲೆಕ್ಷನ್ನಿಗೆ ನಿಂತು ಗೆದ್ದು ಪಬ್ಲಿಕ್ ಡಿಫೆಂಡರ್ ಆಗ್ತಾರೆ, ಕೆಲವು ಕಡೆ ಜಡ್ಜ್ ಖಾಸಗಿ ವಕೀಲರನ್ನ ನೇಮಿಸ್ತಾರೆ, ನ್ಯೂಯಾರ್ಕ್ ಸಿಟಿಯಂಥ ಕಡೆ ನಗರಾಡಳಿತ ಸ್ವತಂತ್ರ ಸಂಸ್ಥೆಗಳ ಜೊತೆ ಕಾಂಟ್ರಾಕ್ಟ್ ಮಾಡ್ಕೊಳ್ಳುತ್ತೆ. ಈ ಕೊನೇದೇ ನಾನ್‌ಪ್ರಾಫಿಟ್ ಡಿಫೆಂಡರ್ ಆಫೀಸು. ಇಲ್ಲಿ ವಕೀಲರು ಪುಕ್ಕಟೆ ದುಡಿಯಲ್ಲ, ಪುಣ್ಯದ ಕೆಲಸ ಅಂತ ಸಂಜೆ ಬಂದು ಮಾಡಿ ಹೋಗೋದೂ ಅಲ್ಲ. ಸಂಬಳ ಇದೆ, ಯೂನಿಯನ್ ಇದೆ, ಮೇಲೊಂದು ಬೋರ್ಡ್ ಇದೆ. ಲಾಭ ಹಂಚ್ಕೊಳ್ಳೋಕೆ ಮಾಲೀಕರಿಲ್ಲ, ಲಾಭರಹಿತ ಅಂದ್ರೆ ಇಷ್ಟೇ.

ಹಾಗಾದ್ರೆ ಮುಖ್ಯಸ್ಥೆ ಅಥವಾ ಚೀಫ್ ಡಿಫೆಂಡರ್ ಅಂದ್ರೆ ಎಲ್ಲರಿಗಿಂತ ಜೋರಾಗಿ ವಾದ ಮಾಡೋರಾ? ಅಲ್ಲ, ಎಷ್ಟೋ ಜನ ಆ ಕುರ್ಚಿಗೆ ಬಂದ್ಮೇಲೆ ಕೋರ್ಟ್ ಮೆಟ್ಟಿಲು ಹತ್ತೋದೇ ಅಪರೂಪ. ಅವರ ಕೈಲಿರೋದು ಲೆಕ್ಕ. ಅಮೆರಿಕದಲ್ಲಿ 1973ರಲ್ಲಿ ಬಂದ ಒಂದು ಹಳೇ ಮಾನದಂಡದ ಪ್ರಕಾರ ಒಬ್ಬ ವಕೀಲರಿಗೆ ವರ್ಷಕ್ಕೆ ಹೆಚ್ಚಂದ್ರೆ 150 ದೊಡ್ಡ ಅಪರಾಧದ ಕೇಸು, ಇಲ್ಲಾ 400 ಸಣ್ಣವು. 150 ಅಂದ್ರೇನೇ ವಾರಕ್ಕೆ ಸುಮಾರು ಮೂರು ಹೊಸ ಕೇಸು: ಜೈಲಿಗೆ ಹೋಗಿ ಮಾತಾಡ್ಬೇಕು, ಪೊಲೀಸ್ ವಿಡಿಯೋ ನೋಡ್ಬೇಕು, ಸಾಕ್ಷಿ ಹುಡುಕ್ಬೇಕು. ಅದಕ್ಕಿಂತ ಜಾಸ್ತಿ ಬಂದ್ರೆ ಸಾಕು, ಇನ್ನಾಗಲ್ಲ ಅಂತ ಹೇಳೋ ಧೈರ್ಯ ಆ ಕುರ್ಚಿಲಿ ಕೂತವರಿಗೆ ಬೇಕು. ನ್ಯೂ ಆರ್ಲಿಯನ್ಸ್‌ನ ಪಬ್ಲಿಕ್ ಡಿಫೆಂಡರ್ ಆಫೀಸು 2016ರ ಜನವರಿಯಲ್ಲಿ ಹಾಗೇ ಮಾಡ್ತು, ದುಡ್ಡಿಲ್ಲ ಜನ ಇಲ್ಲ ಅಂತ ಕೆಲವು ಗಂಭೀರ ಕೇಸುಗಳನ್ನ ತಗೊಳ್ಳೋದನ್ನೇ ನಿಲ್ಲಿಸ್ತು.

ನಾನ್‌ಪ್ರಾಫಿಟ್ ಆದ್ರೆ ಇನ್ನೂ ಒಂದು ಕತ್ತಿ ತಲೆ ಮೇಲೆ ತೂಗ್ತಿರುತ್ತೆ. 1876ರಲ್ಲಿ ಶುರುವಾದ, ಸಿಟಿ ಕಾಂಟ್ರಾಕ್ಟಲ್ಲಿ ಇದೇ ಕೆಲಸ ಮಾಡ್ತಿದ್ದ ನ್ಯೂಯಾರ್ಕಿನ ಲೀಗಲ್ ಏಡ್ ಸೊಸೈಟಿಯ ವಕೀಲರು 1994ರಲ್ಲಿ ಸ್ಟ್ರೈಕ್ ಮಾಡಿದ್ರು. ಆಗಿನ ಮೇಯರ್ ಜೂಲಿಯಾನಿ ಸುಮ್ನಿರ್ಲಿಲ್ಲ, ಪೈಪೋಟಿಗೆ ಬೇರೆ ಸಂಸ್ಥೆಗಳಿಗೂ ಕಾಂಟ್ರಾಕ್ಟ್ ಕೊಡಿಸಿದ್ರು, ಮುಂದೆ ಹೆಸರು ಮಾಡಿದ ಬ್ರಾಂಕ್ಸ್ ಡಿಫೆಂಡರ್ಸ್ ಹುಟ್ಟಿದ್ದು ಆ ಗಾಳೀಲೇ, 1997ರಲ್ಲಿ. ಇಲಾಖೆ ಆಗಿದ್ರೆ ಬಜೆಟ್ ಕಡಿತ ಆಗ್ತಿತ್ತೇನೋ, ಕಾಂಟ್ರಾಕ್ಟ್ ಆದ್ರೆ ಕೆಲಸಾನೇ ಬೇರೆಯವರ ಪಾಲಾಗುತ್ತೆ. ಒಂದು ಕಡೆ ಕೆಲಸದ ಹೊರೆ ಇಳಿಸಿ ಅನ್ನೋ ಯೂನಿಯನ್, ಇನ್ನೊಂದು ಕಡೆ ಚೆಕ್ ಬರೆಯೋ ಸಿಟಿ, ಅದೇ ಸಿಟಿ ಪೊಲೀಸರ ವಿರುದ್ಧ ಬೆಳಗಾದ್ರೆ ವಾದ ಮಾಡೋ ತಮ್ಮದೇ ಹುಡುಗರು. ಆ ಅಮ್ಮ ಮಾಡೋ ಕೆಲಸ ಇದು.

ಇಷ್ಟನ್ನೂ ಕನ್ನಡದಲ್ಲಿ ಹೇಳಿ ಅಂದ್ರೆ, 'ಸರ್ಕಾರದ ಖರ್ಚಲ್ಲಿ ಬಡ ಆರೋಪಿಗಳ ಪರ ವಾದಿಸೋ ಸಂಸ್ಥೆಯ ಮುಖ್ಯಸ್ಥೆ' ಅನ್ನಿ. ಸಬ್‌ಟೈಟಲ್‌ನಲ್ಲಿ ಜಾಗ ಸಾಲಲ್ಲ ಅಂದ್ರೆ 'ಆರೋಪಿ ಪರ ವಕೀಲೆ' ಸಾಕು. ಅದೂ ಬೇಡ ಅಂದ್ರೆ ಪಬ್ಲಿಕ್ ಡಿಫೆಂಡರ್ ಅಂತಲೇ ಬಿಡಿ, ಕೋರ್ಟು ಜಡ್ಜು ಲಾಯರು ಎಲ್ಲಾನೂ ಅರಗಿಸ್ಕೊಂಡಿದೀವಿ, ಇದೊಂದು ಹೆಚ್ಚಾಗಲ್ಲ.