‘ಎಲ್ಲಿ ಸ್ಟೇ ಮಾಡ್ತೀರಿ?’ ಅಂದರೆ ಫಿಕಾರ್ ಬೇಡ

ಬೆಂಗಳೂರಿನಿಂದ ಲಿಸ್ಬನ್ನಿಗೆ ಬಂದವರಿಗೆ ಪೋರ್ಚುಗೀಸ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಂದೇ ತಪ್ಪು. ಮನೆ ಎಲ್ಲಿ ಅಂತ ಕೇಳಿದರೆ ‘ಫೀಕು ಐಂ ಲಿಜ್‌ಬೋವ’ ಅನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ಇದರ ಮೂಲ ನಮ್ಮ ಊರಿನ ಇಂಗ್ಲಿಷ್. ‘ಜಯನಗರದಲ್ಲಿ ಸ್ಟೇ ಮಾಡ್ತೀನಿ’ ಅಂದರೆ ನಮಗೆ ಅಲ್ಲೇ ಮನೆ ಅಂತ ಅರ್ಥ. ‘ಫೀಕು’ವಿನ ಮೂಲ ಕ್ರಿಯಾಪದ ಫಿಕಾರ್; ಫೀಕ, ಫಿಕೋ, ಫಿಕೈ ಎಲ್ಲ ಅದರ ರೂಪಗಳೇ. ಡಿಕ್ಷನರಿಯಲ್ಲಿ ಫಿಕಾರ್ ಎದುರಿಗೂ ಸ್ಟೇ ಅಂತಲೇ ಇರುತ್ತೆ. ಎರಡನ್ನೂ ಜೋಡಿಸಿಬಿಡುತ್ತಾರೆ. ಆದರೆ ಇಲ್ಲಿನವರ ಕಿವಿಗೆ ಅದು ‘ಲಿಸ್ಬನ್ನಿನಲ್ಲಿ ಉಳ್ಕೊಳ್ತೀನಿ’ ಅಂತ ಕೇಳಿಸುತ್ತೆ, ಹೋಟೆಲಿನಲ್ಲಿ ಉಳಿದ ಹಾಗೆ. ವಾಸಕ್ಕೆ ಬೇರೆ ಕ್ರಿಯಾಪದ ಇದೆ, ಮುರಾರ್. ‘ಮೋರು ಐಂ ಲಿಜ್‌ಬೋವ’ ಅನ್ನಿ.

ನಮ್ಮ ಹುಡುಗನೊಬ್ಬ ಕ್ಲಿನಿಕ್ಕಿನ ಕೌಂಟರಿನಲ್ಲಿ ಮನೆ ಎಲ್ಲಿ ಅಂದಿದ್ದಕ್ಕೆ ‘ಫೀಕು’ ಅಂದ. ಕೌಂಟರಿನಲ್ಲಿದ್ದಾಕೆ ಸಹಜವಾಗಿ ‘ಅತೆ ಕ್ವಾಂದು?’, ಅಂದರೆ ‘ಯಾವತ್ತಿನವರೆಗೆ?’, ಅಂತ ಕೇಳಿದರು. ಇವನು ವೀಸಾ ವಿಷಯ ಅಂದುಕೊಂಡು ಬ್ಯಾಗೆಲ್ಲ ತಡಕಾಡಿ ರೆಸಿಡೆನ್ಸ್ ಕಾರ್ಡ್ ತೆಗೆದು ಮುಂದಿಟ್ಟ. ಕೈ ನಡುಗುತ್ತಿತ್ತಂತೆ. ನಾಲ್ಕು ವರ್ಷದಿಂದ ಇಲ್ಲೇ ಇರೋ ಹುಡುಗ! ಕೇಳಿ ತುಂಬಾ ಬೇಜಾರಾಯಿತು.

ಹಾಗಾದರೆ ‘ನನ್ನ ಮನೆ ಬೆಂಫಿಕಾದಲ್ಲಿದೆ’ (ಬೆಂಫಿಕಾ ಲಿಸ್ಬನ್ನಿನ ಒಂದು ಬಡಾವಣೆ) ಅನ್ನೋಕೆ ‘ಫೀಕ’ ಯಾಕೆ ಸರಿ? ಎಲ್ಲರೂ ಇದನ್ನು ಕೇಳುತ್ತಾರೆ. ಮನೆ, ಅಂಗಡಿ, ಊರು ಎದ್ದು ಓಡಾಡಲ್ಲ. ಅವು ಇರೋ ಜಾಗ ಹೇಳೋಕೆ ಫಿಕಾರ್ ಬಳಸಬಹುದು. ಮನುಷ್ಯ ಓಡಾಡುತ್ತಾನೆ, ಅವನು ಫಿಕಾರ್ ಅಂದರೆ ಹೋಗದೆ ಉಳಿದ ಅಂತ. ಮಾತು ಮನೆಯ ಬಗ್ಗೆಯೋ ನಿಮ್ಮ ಬಗ್ಗೆಯೋ, ಅದನ್ನು ಮೊದಲು ನೋಡಿ.

ಉಳಿದ ಅರ್ಥಗಳು ಕನ್ನಡದವರಿಗೆ ಅಷ್ಟು ಕಷ್ಟ ಆಗಲ್ಲ. ‘ಫಿಕೋ ತ್ರಿಷ್ತ್’ ಅಂದರೆ ಬೇಜಾರಾದ. ನಮ್ಮ ‘ಆಗು’ ಬರೋ ಕಡೆ ಬಹಳಷ್ಟು ಸಲ ಫಿಕಾರ್ ಹೊಂದುತ್ತೆ. ಎಲ್ಲ ಕಡೆ ಅಲ್ಲ, ‘ಡಾಕ್ಟರ್ ಆದ’ ಅನ್ನೋಕೆ ಬಳಸಬೇಡಿ. ‘ಫೀಕ ಪರ ಅಮಞ್ಞಾ’ ಅಂತೂ ನಮ್ಮ ‘ನಾಳೆಗಿರಲಿ’ಯೇ. ಚಪ್ಪಲಿ ಅಂಗಡಿಯಲ್ಲಿ ಒಂದು ಜೊತೆ ಹಾಕಿ ನೋಡಿ ‘ಫೀಕು ಕೋಂ ಎಷ್ತಿಷ್’ ಅಂದರೆ ‘ಇವನ್ನೇ ತಗೊಳ್ತೀನಿ’ ಅಂತ. ಅಂಗಡಿಯವರು ಸೀದಾ ಬಿಲ್ ಮಾಡುತ್ತಾರೆ.

ಈ ‘ಕೋಂ’, ಅಂದರೆ ‘ಜೊತೆ’, ಮನುಷ್ಯರ ಹೆಸರಿಗಿಂತ ಮೊದಲು ಬಂದಾಗ ಮಾತ್ರ ಸ್ವಲ್ಪ ಹುಷಾರು. ಬ್ರೆಜಿಲಿನ ಹುಡುಗ ಹುಡುಗಿಯರ ಮಾತಿನಲ್ಲಿ ‘ಫಿಕೈ ಕೋಂ ಆನ’ ಅಂದರೆ ಆನಾಳ ಜೊತೆ ಮುತ್ತು, ಸಲಿಗೆ ನಡೆಯಿತು ಅಂತ. ಅವಳ ಮನೆಯಲ್ಲಿ ಒಂದು ರಾತ್ರಿ ತಂಗಿದ್ದನ್ನಷ್ಟೇ ಹೇಳಬೇಕಿದ್ದರೆ ಮನೆ ಅನ್ನೋ ಪದ ಬಿಡಬೇಡಿ: ‘ಫಿಕೈ ನ ಕಾಝ ದ ಆನ’.